ಕೇರಿಯ ಜೋಳ ಬೇಡವಾದ ಮೇಲೆ ಅದೆಂಥ ದಾಸೋಹ?



ಹಿಂಗಾರಿ ಜೋಳದ ರಾಶಿ ಮುಗಿದ ಮೇಲೆ ನಮ್ಮ ಲಿಂಗಸುಗೂರು ಸೀಮೆಯ ಕೆಲವು ಯುವಕರು ಬಸವ ಜಯಂತಿಯ ದಾಸೋಹಕ್ಕೆ ಧಾನ್ಯ ಕೂಡಿಸಲು ಸೈಕಲ್ ಜಾಥಾ ಹೊರಟರು. ನಾನೂ ಹೋಗಿದ್ದೆ. ನಿವೃತ್ತ ಶಾಲಾ ಮಾಸ್ತರ ನಾನು, ವಯಸ್ಸು 63. ನನ್ನ ಸೈಕಲ್ಲಿಗೂ ಹೆಚ್ಚುಕಡಿಮೆ ನನ್ನಷ್ಟೇ ಮುಪ್ಪು. ಆದರೂ ಜಾಥಾ ಎಂದಾಗ ಹಿಗ್ಗಿದೆ. ಮೋಟಾರ್ ಸೈಕಲ್ಲಿನ ಹೊಗೆ, ಹಾರ್ನು ಇಲ್ಲದೆ, ಬೆವರು ಸುರಿಸಿ ಬೇಡಿ ತಂದ ಕಾಳಿನಿಂದ ದಾಸೋಹ ನಡೆದರೆ ಅದು ಕಾಯಕಕ್ಕೆ ಹತ್ತಿರದ ಕೆಲಸವೇ ಸರಿ.

ಬೆಳಗಿನ ಆರು ಗಂಟೆಗೆ ಹೊರಟೆವು. ನಲವತ್ತಕ್ಕೂ ಹೆಚ್ಚು ಸೈಕಲ್ಲುಗಳು, ಹಿಂದೆ ಚೀಲ ಹೇರಲು ಒಂದು ಟ್ರ್ಯಾಕ್ಟರ್. ಮೊದಲ ಊರಿನಲ್ಲಿ ತಾಯಂದಿರು ಮೊರದ ತುಂಬ ಜೋಳ ಹಿಡಿದು ಕಟ್ಟೆಯ ಮೇಲೆ ಕಾಯುತ್ತ ನಿಂತಿದ್ದರು. ಒಬ್ಬರು ತೊಗರಿಬೇಳೆ ಕೊಟ್ಟರು, ಒಬ್ಬರು ಬೆಲ್ಲದ ಪೆಂಟೆಯನ್ನೇ ಕೊಟ್ಟರು. ಎಂಟನೆಯ ತರಗತಿಯ ಹುಡುಗನೊಬ್ಬ ಸಜ್ಜೆಯ ಚೀಲವನ್ನು ಹ್ಯಾಂಡಲ್ಲಿಗೆ ತೂಗುಹಾಕಿಕೊಂಡು ಬರುತ್ತಿದ್ದವನು ಆಯ ತಪ್ಪಿ ಬಿದ್ದ. ಕಾಳೆಲ್ಲ ದಾರಿಯ ಮೇಲೆ ಚೆಲ್ಲಿತು. ಮೊಣಕಾಲು ತರಚಿದ್ದನ್ನೂ ನೋಡಿಕೊಳ್ಳದೆ ಅವನು ಕೂತು ಕಾಳು ಆಯತೊಡಗಿದ. "ಆಯ್ದಕ್ಕಿ ಮಾರಯ್ಯ ಬಂದ ನೋಡ್ರಪಾ" ಎಂದು ಯಾರೋ ಅಂದರು, ಎಲ್ಲರೂ ನಕ್ಕೆವು. ಮಾರಯ್ಯ ಲಕ್ಕಮ್ಮ ನಮ್ಮ ಸೀಮೆಯ ಅಮರೇಶ್ವರದವರೇ ಎಂಬ ಹೆಮ್ಮೆ ಆ ನಗುವಿನಲ್ಲಿತ್ತು. (ಟ್ರ್ಯಾಕ್ಟರಿಗೆ ಕಟ್ಟಿದ್ದ ಫ್ಲೆಕ್ಸಿನಲ್ಲಿ ದಾನಿಗಳ ಮುಖಗಳು ಬಸವಣ್ಣನವರ ಮುಖಕ್ಕಿಂತ ದೊಡ್ಡವಾಗಿದ್ದವು. ಅದರ ಜಗಳ ಇನ್ನೊಮ್ಮೆ ಆಡೋಣ.)

ಮೂರನೆಯ ಊರಿನ ಅಗಸಿ ದಾಟಿದರೆ ಎಡಕ್ಕೊಂದು ದಾರಿ ಒಡೆಯುತ್ತದೆ. ಅದು ದಲಿತ ಕೇರಿಯ ದಾರಿ. ಮುಂದಿದ್ದವರು ಕೈ ಎತ್ತಿ ನೆಟ್ಟಗೆ ನಡೆಯಿರೆಂದು ಸನ್ನೆ ಮಾಡಿದರು. ಹಿಂದಿನ ಎರಡು ಊರುಗಳಲ್ಲಿಯೂ ಹೀಗೆಯೇ ಆಗಿತ್ತೆಂಬುದು ನನಗೆ ಆಗ ಹೊಳೆಯಿತು. ತಿರುವಿನಲ್ಲಿ ಒಬ್ಬ ಮುದುಕಿ ಮೊರಕ್ಕೆ ಸೆರಗು ಮುಚ್ಚಿಕೊಂಡು ನಿಂತಿದ್ದಳು. ಅವಳ ಮೊಮ್ಮಗ ನನ್ನ ಕೈಯಲ್ಲಿ ಕಲಿತವನು. ನನ್ನನ್ನು ಗುರುತು ಹಿಡಿದು ಎರಡು ಹೆಜ್ಜೆ ಮುಂದೆ ಬಂದಳು.

"ಮಾಸ್ತರ್ರ, ನಮ್ಮ ಜ್ವಾಳದಾಗ ನುಸಿ ಇಲ್ರಿ. ನಿನ್ನೆನ ಹಸನ ಮಾಡೀನಿ."

"ಟ್ರ್ಯಾಕ್ಟರ್ ತುಂಬೇತಿ ಬೇ, ಮುಂದಿನ ಸಲ ಬರ್ತೀವಿ" ಎಂದೆ. ಟ್ರ್ಯಾಕ್ಟರ್ ಅರ್ಧ ಖಾಲಿಯಿತ್ತು. ಅದು ಅವಳಿಗೂ ಕಾಣುತ್ತಿತ್ತು. ಸುಳ್ಳು ಹೇಳಬಾರದೆಂದು ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಮಕ್ಕಳಿಗೆ ಕಲಿಸಿದವನು ನಾನು.

ಸಂಜೆ ಸಮಿತಿಯವರ ಮುಂದೆ ಈ ಮಾತು ತೆಗೆದೆ. "ಅವರು ಬಡವರು ಸರ್, ಅವರಿಗೆ ನಾವು ಕೊಡಬೇಕು, ಅವರಿಂದ ತರುವುದು ಪಾಪ" ಎಂದು ಒಬ್ಬರು ಅಂದರು. ಕೇಳಲು ಎಷ್ಟು ಹಿತವಾದ ಮಾತು! ಆದರೆ ಲಿಂಗಾಯತರ ಓಣಿಯಲ್ಲಿ ಎರಡು ಎಕರೆ ಒಣಭೂಮಿಯ ವಿಧವೆಯೊಬ್ಬಳಿಂದ ಪಾವು ಜೋಳ ಹಾಕಿಸಿಕೊಂಡು "ಭಕ್ತಿ ದೊಡ್ಡದು" ಎಂದು ಹೊಗಳಿದವರೂ ಇವರೇ. ಅಲ್ಲಿ ಕಾಣದ ಬಡತನ ಅಗಸಿಯ ಆಚೆ ಮಾತ್ರ ಏಕೆ ಕಾಣುತ್ತದೆ? ಇನ್ನೊಬ್ಬರು ದಾಕ್ಷಿಣ್ಯ ಬಿಟ್ಟು ನಿಜ ಹೇಳಿದರು: "ಅವರ ಕಾಳು ಕೂಡಿದೆ ಅಂತ ಗೊತ್ತಾದರೆ ನಾಲ್ಕು ದೊಡ್ಡ ಮನೆಯವರು ಬರುವ ವರ್ಷ ಚೀಲ ಕೊಡುವುದಿಲ್ಲ." ಅವರಿಗೆ ನಾನು ಋಣಿ. ರೋಗ ಎಲ್ಲಿದೆಯೆಂದು ಬೆರಳಿಟ್ಟು ತೋರಿಸಿದರು.

ಕೊಡುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ. ಕೇರಿಯ ಮಕ್ಕಳಿಗೆ ನೋಟ್‌ಬುಕ್ ಹಂಚುತ್ತೇವೆ, ಫೋಟೋ ತೆಗೆಸಿಕೊಳ್ಳುತ್ತೇವೆ. ಕೊಡುವಾಗ ನಮ್ಮ ಕೈ ಮೇಲಿರುತ್ತದೆ, ಜಾತಿಗೆ ಏನೂ ಧಕ್ಕೆಯಾಗುವುದಿಲ್ಲ. ಕಷ್ಟವಿರುವುದು ತೆಗೆದುಕೊಳ್ಳುವುದರಲ್ಲಿ, ಉಣ್ಣುವುದರಲ್ಲಿ. ಹರಿಹರನ ಬಸವರಾಜದೇವರ ರಗಳೆಯಲ್ಲಿ ಕಂಬಳಿಯ ನಾಗಿದೇವನ ಪ್ರಸಂಗವಿದೆ. ಕೀಳೆಂದು ದೂರವಿಟ್ಟ ಕುಲದ ಆ ಶರಣನ ಮನೆಗೆ ಹೋಗಿ ಬಸವಣ್ಣನವರು ಪ್ರಸಾದ ಸ್ವೀಕರಿಸಿದರು. ಬಿಜ್ಜಳನ ಬಳಿಗೆ ದೂರು ಹೋಯಿತು. ಬಸವಣ್ಣನವರು ಅವನಿಗೆ ಏನೋ ಕೊಟ್ಟರೆಂದು ದೂರಲಿಲ್ಲ, ಅವನ ಮನೆಯಲ್ಲಿ ಉಂಡರೆಂದು ದೂರಿದರು. ನಮ್ಮ ಜಾಥಾದ ಬಗ್ಗೆ ಬಿಜ್ಜಳನಿಗೆ ದೂರು ಕೊಡಲು ಆ ಮಂದಿಗೆ ಏನಾದರೂ ಕಾರಣ ಸಿಕ್ಕೀತೇ? ನೀವೇ ಹೇಳಿ.

ಹಿರಿಯರೊಬ್ಬರು ಲಕ್ಕಮ್ಮನನ್ನೇ ನನ್ನ ವಿರುದ್ಧ ಸಾಕ್ಷಿಗೆ ಕರೆದರು. ಗಂಡ ಹೆಚ್ಚಿಗೆ ಆಯ್ದು ತಂದ ಅಕ್ಕಿಯನ್ನು ಆಕೆ ಹಿಂದಕ್ಕೆ ಕಳಿಸಲಿಲ್ಲವೇ, ನಮಗೂ ಸಾಕಾಗಿತ್ತು, ಬೇಡವೆಂದೆವು ಎಂದರು. ಲಕ್ಕಮ್ಮ ಬೇಡವೆಂದದ್ದು ತನ್ನ ಮನೆಯ ಆಸೆಯನ್ನು. ಎದುರಿಗೆ ನಿಂತವರ ಕೈ ನೋಡಿ ಆಕೆ ಬೇಡವೆನ್ನಲಿಲ್ಲ. ಆ ತಾಯಿಯ ಹೆಸರಿನಲ್ಲಿ ಅಸ್ಪೃಶ್ಯತೆಗೆ ಮುಸುಕು ಹಾಕುವುದು ಸಲ್ಲದು. ನಮ್ಮ ಪಕ್ಕದ ಇಳಕಲ್ಲಿನ ಮಹಾಂತ ಅಪ್ಪಗಳು ಜೋಳಿಗೆ ಹಿಡಿದು ಜನರ ದುಶ್ಚಟಗಳನ್ನು ಬೇಡಿದರು. ಕುಡಿತ, ತಂಬಾಕು, ಎಲ್ಲವನ್ನೂ ಆ ಜೋಳಿಗೆ ಹಾಕಿಸಿಕೊಂಡಿತು. ನಾವು ಹಸನು ಮಾಡಿದ ಜೋಳವನ್ನು ಬೇಡವೆಂದು ಬಂದೆವು.

ಮರುದಿನ ಒಬ್ಬನೇ ಸೈಕಲ್ ಹೊಡೆದುಕೊಂಡು ಆ ಕೇರಿಗೆ ಹೋದೆ. ಮುದುಕಿ ನನ್ನನ್ನು ಒಳಗೆ ಕರೆದಳು, ಚಹಾ ಕೊಟ್ಟಳು, ಕುಡಿದೆ. ಜೋಳ ಕೇಳಿದೆ. "ಇವತ್ತ ಟ್ರ್ಯಾಕ್ಟರ್ ಖಾಲಿ ಐತೇನ್ರಿ?" ಎಂದಳು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಮೂರು ಸೇರು ಅಳೆದು ಕೊಟ್ಟಳು. ಆಚೀಚೆ ಮನೆಯವರು ನೋಡಿ ತಾವೂ ತಂದರು, ಕ್ಯಾರಿಯರ್ ಮೇಲೆ ಒಂದು ಚೀಲವಾಯಿತು. ದಾಸೋಹದ ಉಗ್ರಾಣದಲ್ಲಿ ಪಾವತಿ ಬರೆಯುವ ಹುಡುಗ ಎಲ್ಲ ಹೆಸರುಗಳನ್ನೂ ಬರೆದುಕೊಂಡ. ಚೀಲವನ್ನು ಮಾತ್ರ ಬೇರೆ ಮೂಲೆಗೆ ಇಟ್ಟ.

ಆ ಚೀಲ ಈಗಲೂ ಆ ಮೂಲೆಯಲ್ಲಿಯೇ ಇದೆ. ಅದನ್ನು ಉಳಿದ ಚೀಲಗಳ ಜೊತೆ ಸುರಿದು ಒಂದೇ ಹಿಟ್ಟು ಮಾಡಿಸಿರಿ, ಕೊಟ್ಟವರ ಹೆಸರುಗಳನ್ನು ವೇದಿಕೆಯ ಮೇಲೆ ಉಳಿದವರ ಹೆಸರಿನ ಜೊತೆಗೇ ಓದಿರಿ, ಅವರನ್ನು ಕರೆದು ಅದೇ ಪಂಕ್ತಿಯಲ್ಲಿ ಕೂಡಿಸಿರಿ ಎಂದು ಸಮಿತಿಗೆ ಬರೆದುಕೊಟ್ಟಿದ್ದೇನೆ. ಬರುವ ವರ್ಷದ ಜಾಥಾ ಪ್ರತಿ ಊರಿನಲ್ಲಿಯೂ ಕೇರಿಯಿಂದಲೇ ಶುರುವಾಗಬೇಕೆಂದೂ ಬರೆದಿದ್ದೇನೆ. ನಾಲ್ಕು ದೊಡ್ಡ ಮನೆಯವರು ಚೀಲ ನಿಲ್ಲಿಸಿದರೆ ಆ ನಾಲ್ಕು ಚೀಲಕ್ಕೆ ಇನ್ನೂ ನಲವತ್ತು ಮನೆಗಳ ಮುಂದೆ ಸೈಕಲ್ ನಿಲ್ಲಿಸೋಣ, ನಾನು ಬರುತ್ತೇನೆ. ಪೂಜ್ಯರು ಈ ವಿಷಯದಲ್ಲಿ ಬಾಯಿ ಬಿಟ್ಟು ಒಂದು ಮಾತು ಹೇಳಬೇಕೆಂದು ಈ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ಜಯಂತಿಗೆ ಇನ್ನು ಮೂರು ವಾರವಿದೆ. ಸಮಿತಿಯ ಉತ್ತರ ಇನ್ನೂ ಬಂದಿಲ್ಲ.