ಹಣ ನಿಂತಾಗ ಯಾವ ಸರಕು ನಡೆದೀತು?

ಕೈಯಲ್ಲಿರುವ ನೋಟಿಗೆ ಬೆಲೆಯಿಲ್ಲದಂತಾದರೆ, ಬ್ಯಾಂಕುಗಳು ಬಾಗಿಲು ಮುಚ್ಚಿದರೆ, ಲಾರಿಗಳ ಓಡಾಟ ನಿಂತರೆ ವ್ಯಾಪಾರಸ್ಥನ ಗತಿಯೇನು ಎಂಬ ಪ್ರಶ್ನೆ ಒಂದು ಕಾಲಕ್ಕೆ ಕೇವಲ ಕುತೂಹಲದ ವಿಷಯವಾಗಿತ್ತು. 2016ರ ನವೆಂಬರ್ 8ರ ರಾತ್ರಿ, ಚಲಾವಣೆಯಲ್ಲಿದ್ದ ನೋಟುಗಳ ಒಟ್ಟು ಮೌಲ್ಯದಲ್ಲಿ ಸುಮಾರು ಶೇಕಡಾ 86ರಷ್ಟು ರದ್ದಾಯಿತು. 2020ರ ಮಾರ್ಚ್ 25ರಿಂದ ಇಡೀ ದೇಶವೇ ಬಾಗಿಲು ಹಾಕಿಕೊಂಡಿತು. 2022ರಲ್ಲಿ ನೆರೆಯ ಶ್ರೀಲಂಕಾ ವಿದೇಶಿ ಸಾಲದ ಮರುಪಾವತಿಯನ್ನು ನಿಲ್ಲಿಸಿ, ಇಂಧನಕ್ಕಾಗಿ ಜನರು ದಿನಗಟ್ಟಲೆ ಸರದಿಯಲ್ಲಿ ನಿಂತರು. ಈ ಮೂರು ಪ್ರಸಂಗಗಳ ನಂತರ ಆ ಪ್ರಶ್ನೆ ಪೇಟೆಯ ಮಾತಿಗೆ ಬಂದಿದೆ. ಅದರ ಬೆನ್ನಿಗೇ ಒಂದು ಸಲಹೆಯೂ ಕೇಳಿಬರುತ್ತಿದೆ: ಕಷ್ಟಕಾಲದಲ್ಲಿ ವಸ್ತುವಿಗೆ ವಸ್ತು ಕೊಟ್ಟು ಬದುಕಬಹುದು, ಆದ್ದರಿಂದ ಈಗಲೇ ಸರಕನ್ನು ಕೂಡಿಡಬೇಕು.

ಸಲಹೆ ಸುಲಭ, ಆಯ್ಕೆ ಕಠಿಣ. ದುಡಿಯುವ ಬಂಡವಾಳದ ಒಂದು ಭಾಗವನ್ನು ತೆಗೆದು ಗೋದಾಮಿನಲ್ಲಿ ಮಲಗಿಸುವ ಮುನ್ನ, ಇಂತಹ ಕಾಲವನ್ನು ನಿಜವಾಗಿ ಕಂಡ ಸಮಾಜಗಳಲ್ಲಿ ಯಾವ ಸರಕು ನಡೆಯಿತು, ಯಾವುದು ನಡೆಯಲಿಲ್ಲ ಎಂಬುದನ್ನು ವ್ಯಾಪಾರಸ್ಥರು ಹಾಗೂ ಸಣ್ಣ ಉತ್ಪಾದಕರು ವಿಚಾರಿಸಿ ನೋಡುವುದು ಅಗತ್ಯ.

ಸೆರೆಶಿಬಿರದ ಪೇಟೆ

ಈ ವಿಷಯದಲ್ಲಿ ಅತ್ಯಂತ ಸ್ಪಷ್ಟವಾದ ದಾಖಲೆಯನ್ನು ಬಿಟ್ಟುಹೋದವರು ಆರ್. ಎ. ರ್ಯಾಡ್‌ಫೋರ್ಡ್ ಎಂಬ ಅರ್ಥಶಾಸ್ತ್ರಜ್ಞರು. ಎರಡನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕಿ ಇಟಲಿ ಮತ್ತು ಜರ್ಮನಿಯ ಶಿಬಿರಗಳಲ್ಲಿದ್ದ ಅವರು, ಅಲ್ಲಿನ ವ್ಯಾಪಾರವನ್ನು ಕುರಿತು 1945ರಲ್ಲಿ ‘ಎಕನಾಮಿಕಾ’ ಪತ್ರಿಕೆಯಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಸೆರೆಯಾಳುಗಳಿಗೆ ರೆಡ್ ಕ್ರಾಸ್ ಸಂಸ್ಥೆಯಿಂದ ಹಾಲಿನ ಡಬ್ಬಿ, ಜಾಮ್, ಬೆಣ್ಣೆ, ಬಿಸ್ಕತ್ತು, ಸಕ್ಕರೆ, ಸಿಗರೇಟುಗಳಿದ್ದ ಪೊಟ್ಟಣಗಳು ಬರುತ್ತಿದ್ದವು. ಎಲ್ಲರಿಗೂ ಸಿಗುತ್ತಿದ್ದುದು ಬಹುಮಟ್ಟಿಗೆ ಒಂದೇ. ಆದರೆ ಎಲ್ಲರಿಗೂ ಬೇಕಾದುದು ಒಂದೇ ಆಗಿರಲಿಲ್ಲ. ಹೀಗೆ ಆರಂಭವಾದ ಅದಲುಬದಲು ಕೆಲವೇ ಕಾಲದಲ್ಲಿ ಪೂರ್ಣ ಪೇಟೆಯಾಯಿತು. ಸಿಗರೇಟೇ ಅದರ ನಾಣ್ಯವಾಯಿತು. ಸೇದದವನೂ ಅದನ್ನು ಸ್ವೀಕರಿಸಿದ, ಏಕೆಂದರೆ ಮುಂದಿನವನು ಸ್ವೀಕರಿಸುವನೆಂಬ ಭರವಸೆ ಅವನಿಗಿತ್ತು.

ಆ ಪೇಟೆಯಲ್ಲಿ ಭಾರತೀಯ ಸೈನಿಕರೂ ಇದ್ದರು. ಉರ್ದು ಬಲ್ಲ ಒಬ್ಬ ಸೆರೆಯಾಳು ಸಿಖ್ ಸೈನಿಕರಿಂದ ಮಾಂಸವನ್ನು ಕೊಂಡು, ಬದಲಿಗೆ ಬೆಣ್ಣೆ, ಜಾಮ್ ಕೊಟ್ಟು ಲಾಭ ಗಳಿಸಿದ. ಸುದ್ದಿ ಹರಡುತ್ತಿದ್ದಂತೆ ಇತರರೂ ಅದೇ ವ್ಯಾಪಾರಕ್ಕಿಳಿದರು. ಬೆಲೆಗಳ ಅಂತರ ಕಡಿಮೆಯಾಗುತ್ತ ಬಂದಿತು. ಲಾಭವನ್ನು ತಂದುದು ಕೂಡಿಟ್ಟ ಸರಕಲ್ಲ. ಯಾರಿಗೆ ಏನು ಬೇಕೆಂಬ ತಿಳಿವಳಿಕೆ. ಅನುಭವೀ ವ್ಯಾಪಾರಸ್ಥರಿಗೆ ಇದು ಹೊಸ ಪಾಠವೇನಲ್ಲ.

ಇನ್ನೊಂದು ಸಂಗತಿಯೂ ಗಮನಾರ್ಹ. ಜನಪ್ರಿಯ ಸಿಗರೇಟುಗಳನ್ನು ಸೇದಿ, ಕೀಳು ದರ್ಜೆಯವನ್ನು ವ್ಯಾಪಾರಕ್ಕೆ ಬಳಸುವ ರೂಢಿ ಅಲ್ಲಿ ಬೆಳೆಯಿತು. ಪೊಟ್ಟಣಗಳ ಸರಬರಾಜು ನಿಂತು, ಇದ್ದ ಸಿಗರೇಟುಗಳೂ ಹೊಗೆಯಾಗಿ ಹೋದಂತೆ ಎಲ್ಲ ವಸ್ತುಗಳ ಬೆಲೆಯೂ ಕುಸಿಯಿತು. ವಿನಿಮಯದ ಸರಕಿನ ಬೆಲೆ ಎಂದೂ ಸ್ಥಿರವಲ್ಲ. ಅದೂ ಸರಬರಾಜಿಗೆ ಅಧೀನ.

ಆಯ್ಕೆಗೆ ಐದು ಪರೀಕ್ಷೆಗಳು

ಇಂತಹ ಅನುಭವಗಳಿಂದ ವಿನಿಮಯಕ್ಕೆ ತಕ್ಕ ಸರಕಿನ ಲಕ್ಷಣಗಳನ್ನು ಐದು ಪರೀಕ್ಷೆಗಳಾಗಿ ಹೇಳಬಹುದು.

ಮೊದಲನೆಯದು, ನಿತ್ಯದ ಬಳಕೆ. ಬಳಸಿದಂತೆ ಮುಗಿಯುವ ವಸ್ತುವಿಗೆ ಮಾತ್ರ ಗಿರಾಕಿ ಮರಳಿ ಬರುತ್ತಾನೆ. ಬೆಂಕಿಪೊಟ್ಟಣ, ಸಾಬೂನು, ಉಪ್ಪು, ಸಕ್ಕರೆ, ಮೇಣದಬತ್ತಿ, ಸೂಜಿದಾರ, ಕ್ಷೌರದ ಬ್ಲೇಡು ಈ ವರ್ಗಕ್ಕೆ ಸೇರುತ್ತವೆ.

ಎರಡನೆಯದು, ವಿಭಜನೆ. ಒಂದು ಸೇರು ರಾಗಿಗೆ ತಕ್ಕಷ್ಟು, ಅರ್ಧ ದಿನದ ಕೂಲಿಗೆ ತಕ್ಕಷ್ಟು ಎಂದು ಬೆಲೆ ಕುಂದದಂತೆ ತುಂಡರಿಸಲು ಬರಬೇಕು. ಬೆಂಕಿಪೊಟ್ಟಣದ ದೊಡ್ಡ ಕಟ್ಟನ್ನು ಒಡೆಯಬಹುದು, ಜನರೇಟರನ್ನು ಒಡೆಯಲಾಗದು.

ಮೂರನೆಯದು, ಗುಣದ ಖಾತ್ರಿ. ಕೊಳ್ಳುವವನು ನೋಡಿದೊಡನೆ, ಮುಟ್ಟಿದೊಡನೆ ಒಪ್ಪುವಂತಿರಬೇಕು. ಮೂಲಮುದ್ರೆಯಿರುವ ಪೊಟ್ಟಣಕ್ಕೆ ಬಿಡಿ ಸರಕಿಗಿಂತ ಹೆಚ್ಚು ಮನ್ನಣೆ ದೊರೆಯುವುದು ಇದೇ ಕಾರಣದಿಂದ. ಪರೀಕ್ಷಿಸಲು ಅಕ್ಕಸಾಲಿಗನೇ ಬರಬೇಕಾದ ವಸ್ತು ಬೀದಿಯ ವಿನಿಮಯದಲ್ಲಿ ಅರ್ಧ ಬೆಲೆಗೆ ಇಳಿಯುತ್ತದೆ.

ನಾಲ್ಕನೆಯದು, ಬಾಳಿಕೆ. ಇಲ್ಲಿಯೇ ಬಹುಪಾಲು ಎಣಿಕೆಗಳು ತಪ್ಪುವುದು. ಒಣಗಿದ ಜಾಗದಲ್ಲಿಟ್ಟ ಉಪ್ಪು, ಸಕ್ಕರೆಗಳು ವರ್ಷಾನುಗಟ್ಟಲೆ ಕೆಡುವುದಿಲ್ಲ. ಬೆಲ್ಲವಾದರೋ ಮಳೆಗಾಲದಲ್ಲಿ ನೀರೊಡೆಯುತ್ತದೆ. ಖಾದ್ಯತೈಲ ಕಾಲಕ್ರಮದಲ್ಲಿ ಕಮಟುತ್ತದೆ. ಬೆಂಕಿಕಡ್ಡಿಗೆ ತೇವವೇ ಶತ್ರು. ಸಾಬೂನು ಕೆಡದಿದ್ದರೂ ಒಣಗಿ ತೂಕ ಕಳೆದುಕೊಳ್ಳುತ್ತದೆ. ಪೊಟ್ಟಣದ ಮೇಲೆ ‘ಪ್ಯಾಕ್ ಮಾಡಿದಾಗಿನ ತೂಕ’ ಎಂದು ಮುದ್ರಿಸುವುದು ಸುಮ್ಮನಲ್ಲ. ಅಕ್ಕಿಗಿಂತ ಹೊಟ್ಟಿನೊಡನಿರುವ ಭತ್ತ ಹೆಚ್ಚು ಕಾಲ ನಿಲ್ಲುತ್ತದೆ, ಅದಕ್ಕಿಂತಲೂ ರಾಗಿ. ಹಳೆಯ ಮೈಸೂರು ಸೀಮೆಯ ರೈತರು ನೆಲದಡಿಯ ಹಗೇವುಗಳಲ್ಲಿ ರಾಗಿಯನ್ನು ವರ್ಷಗಟ್ಟಲೆ ಕಾಪಿಡುತ್ತಿದ್ದರು. ಕೂಡಿಡುವ ವಿದ್ಯೆ ಈ ನಾಡಿಗೆ ಹೊರಗಿನಿಂದ ಬರಬೇಕಾದುದಲ್ಲ.

ಐದನೆಯದೇ ಮುಖ್ಯವಾದುದು: ಆ ಸರಕು ಇಂದೂ ಮಾರಾಟವಾಗುವಂತಿರಬೇಕು. ಆಪತ್ತು ಬಂದರೆ ಮಾತ್ರ ಬೆಲೆ ಬರುವ ಸರಕು, ಆಪತ್ತು ಬಾರದಿದ್ದರೆ ಶುದ್ಧ ನಷ್ಟ. 2016ರ ನವೆಂಬರ್ 11ರಂದು ಉಪ್ಪಿನ ಅಭಾವವಾಗಲಿದೆಯೆಂಬ ವದಂತಿ ಹಬ್ಬಿ, ಉತ್ತರ ಭಾರತದ ಹಲವು ಊರುಗಳಲ್ಲಿ ಜನರು ಹಲವು ಪಟ್ಟು ಬೆಲೆ ತೆತ್ತು ಉಪ್ಪನ್ನು ಹೊತ್ತೊಯ್ದರು. ಜಗತ್ತಿನಲ್ಲಿಯೇ ಅತಿ ಹೆಚ್ಚು ಉಪ್ಪನ್ನು ಉತ್ಪಾದಿಸುವ ದೇಶಗಳಲ್ಲೊಂದು ಭಾರತ. ವದಂತಿ ಇಳಿಯಿತು, ಉಪ್ಪು ಮನೆಯಲ್ಲಿ ಉಳಿಯಿತು. ಉಪ್ಪಿಗೆ ಬೆಲೆ ತರುವುದು ಅದರ ಅಭಾವಕ್ಕಿಂತ ಸಾಗಣೆಯ ಕಷ್ಟ. ಲಂಬಾಣಿಗಳು ಎತ್ತುಗಳ ಮೇಲೆ ಕರಾವಳಿಯ ಉಪ್ಪನ್ನು ಒಳನಾಡಿಗೆ ತಂದು ಧಾನ್ಯಕ್ಕೆ ಬದಲಿಸುತ್ತಿದ್ದ ಕಾಲದಲ್ಲಿ ಅದು ಲಾಭದ ಸರಕಾಗಿತ್ತು.

ಬಂಗಾರದ ಮೇಲಿನ ಭರವಸೆ

ಇಷ್ಟೆಲ್ಲ ಜಂಜಾಟವೇಕೆ, ಬಂಗಾರ ಬೆಳ್ಳಿಗಳಿದ್ದರೆ ಸಾಲದೇ ಎನ್ನುವವರು ಬಹಳ ಮಂದಿ. ಹಣದುಬ್ಬರದಿಂದ ಉಳಿತಾಯವನ್ನು ಕಾಪಾಡಲು, ಆಪತ್ತು ಕಳೆದ ಮೇಲೆ ಮತ್ತೆ ವ್ಯಾಪಾರ ಹೂಡಲು ಬಂಗಾರ ನೆರವಾಗುತ್ತದೆಂಬುದು ನಿಜ. ಆದರೆ ಆಪತ್ತಿನ ನಡುವೆ ಅದರ ಸ್ಥಿತಿಯೇ ಬೇರೆ. 1876ರಿಂದ 1878ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಮೈಸೂರು ಸಂಸ್ಥಾನವನ್ನೂ ದಖ್ಖನ್ನಿನ ವಿಶಾಲ ಭಾಗವನ್ನೂ ಕಾಡಿದ ಬರದಲ್ಲಿ ಜನರು ಒಡವೆಗಳನ್ನೂ ಪಾತ್ರೆಗಳನ್ನೂ ಸಿಕ್ಕ ಬೆಲೆಗೆ ಮಾರಿ ಧಾನ್ಯ ಕೊಂಡರು. ಎಲ್ಲರೂ ಏಕಕಾಲಕ್ಕೆ ಒಡವೆ ಮಾರಲು ನಿಂತರೆ ಒಡವೆ ಅಗ್ಗವಾಗುತ್ತದೆ, ಧಾನ್ಯ ತುಟ್ಟಿಯಾಗುತ್ತದೆ. ಯುದ್ಧಾನಂತರದ ಜರ್ಮನಿಯಲ್ಲಿಯೂ ಇದೇ ಆಯಿತು. ನಗರದ ಕುಟುಂಬಗಳು ಬೆಳ್ಳಿಯ ಚಮಚ, ಹಾಸುಬಟ್ಟೆ, ರತ್ನಗಂಬಳಿಗಳನ್ನು ಹೊತ್ತು ಹಳ್ಳಿಗಳಿಗೆ ಹೋಗಿ ಆಲೂಗಡ್ಡೆ ತಂದವು. ಬೆಲೆ ಕಟ್ಟಿದವನು ಆಲೂಗಡ್ಡೆಯ ಒಡೆಯ, ಬೆಳ್ಳಿಯ ಒಡೆಯನಲ್ಲ.

ಅದೇ ಜರ್ಮನಿಯಲ್ಲಿ, ಪಶ್ಚಿಮದ ವಲಯಗಳಲ್ಲಿ, 1948ರ ಜೂನ್ 20ರಂದು ಹೊಸ ನಾಣ್ಯ ಜಾರಿಗೆ ಬಂದಿತು. ಮೊದಲ ಕಂತಾಗಿ ತಲೆಗೆ 40 ಮಾರ್ಕುಗಳಂತೆ ವಿತರಣೆಯಾಯಿತು. ಮರುದಿನವೇ ಅಂಗಡಿಗಳ ಕಪಾಟುಗಳು ತುಂಬಿದವು. ಸರಕು ಅಲ್ಲಿಯವರೆಗೆ ಇರಲೇ ಇಲ್ಲವೆಂದಲ್ಲ. ನಂಬಿಕೆಗೆ ತಕ್ಕ ನಾಣ್ಯವಿಲ್ಲದೆ ಹಿತ್ತಲಿನಲ್ಲಿ ಅಡಗಿತ್ತು. ಗಿರಾಕಿಯ ಕಣ್ಣೆದುರೇ ಕಪಾಟು ಖಾಲಿಯಿಟ್ಟು ಹಿಂದೆ ದಾಸ್ತಾನು ಮಾಡಿದ ಅಂಗಡಿಗಳನ್ನು ಆ ಜನರು ಹೇಗೆ ನೆನೆದಿರಬಹುದೆಂಬುದನ್ನು ಪ್ರತಿಯೊಬ್ಬ ವ್ಯಾಪಾರಸ್ಥನೂ ಆಲೋಚಿಸಬೇಕು.

ಹಿಟ್ಟು ತರುವವರಾರು?

ವಿನಿಮಯದ ಮಿತಿಯನ್ನು ಅರ್ಜೆಂಟೀನಾ ದೇಶ ಇನ್ನೊಂದು ಬಗೆಯಲ್ಲಿ ತೋರಿಸಿತು. 1995ರಲ್ಲಿ ಬ್ಯೂನಸ್ ಐರಿಸ್ ಸಮೀಪದ ಬೆರ್ನಾಲ್ ಎಂಬಲ್ಲಿ ಕೆಲವೇ ನೆರೆಹೊರೆಯವರು ವಿನಿಮಯ ಸಂಘವೊಂದನ್ನು ಆರಂಭಿಸಿದರು. 2001ರ ಡಿಸೆಂಬರಿನಲ್ಲಿ ಸರ್ಕಾರ ಬ್ಯಾಂಕುಗಳಿಂದ ನಗದು ಪಡೆಯುವುದಕ್ಕೆ ವಾರಕ್ಕೆ 250 ಪೆಸೊಗಳ ಮಿತಿ ಹೇರಿದಾಗ ಲಕ್ಷಾಂತರ ಜನರು ಇಂತಹ ಸಂಘಗಳಿಗೆ ನುಗ್ಗಿದರು. ಸಂಘಗಳು ‘ಕ್ರೆಡಿತೊ’ ಎಂಬ ಚೀಟಿಗಳನ್ನು ಹೊರಡಿಸಿದವು. ಒಂದು ವರ್ಷದೊಳಗೆ ವ್ಯವಸ್ಥೆ ಬಹುತೇಕ ಕುಸಿಯಿತು. ಕಾರಣಗಳು ಎರಡು. ಚೀಟಿಗಳನ್ನು ಮಿತಿಮೀರಿ ಅಚ್ಚುಹಾಕಲಾಯಿತು, ಖೋಟಾ ಚೀಟಿಗಳೂ ಸೇರಿಕೊಂಡವು. ಜೊತೆಗೆ, ಬಂದವರೆಲ್ಲ ಹಳೆಯ ಬಟ್ಟೆ, ಕರಕುಶಲ ವಸ್ತುಗಳನ್ನು ತಂದರೇ ಹೊರತು ಹಿಟ್ಟು, ಎಣ್ಣೆ, ಸಕ್ಕರೆ ತರುವವರು ವಿರಳವಾದರು. ತನಗೆ ಬೇಡವಾದುದನ್ನು ಕೊಟ್ಟು ಬೇಕಾದುದನ್ನು ಪಡೆಯಲು ಎಲ್ಲರೂ ಬಂದ ಸಂತೆಯಲ್ಲಿ ಬೇಕಾದುದೇ ಇರುವುದಿಲ್ಲ.

ಉತ್ಪಾದಕನ ಸ್ಥಾನ

ಬೋಸ್ನಿಯಾದ ರಾಜಧಾನಿ ಸರಾಯೆವೊ 1992ರ ಏಪ್ರಿಲ್‌ನಿಂದ 1996ರ ಫೆಬ್ರವರಿಯವರೆಗೆ ಮುತ್ತಿಗೆಗೆ ಒಳಗಾಗಿತ್ತು. ನೀರು, ವಿದ್ಯುತ್, ಆಹಾರ ಎಲ್ಲಕ್ಕೂ ಅಭಾವ. ಆ ನಗರದಲ್ಲಿ ತಂಬಾಕಿನ ಕಾರ್ಖಾನೆಯೊಂದು ಶೆಲ್ ದಾಳಿಯ ನಡುವೆಯೂ ಉತ್ಪಾದನೆ ನಿಲ್ಲಿಸಲಿಲ್ಲ. ಹೊದಿಕೆಯ ಕಾಗದ ಮುಗಿದಾಗ ಪುಸ್ತಕದ ಹಾಳೆಗಳಲ್ಲಿ ಸುತ್ತಿ ಸಿಗರೇಟು ಹೊರತಂದಿತು. ಸಂಬಳದ ಬದಲು ಸಿಗರೇಟು ಪಡೆದವರು ಅದನ್ನು ಆಹಾರಕ್ಕೆ ಬದಲಿಸಿಕೊಂಡರು. ತಂಬಾಕಿನ ಹಾನಿಯ ಮಾತು ಬೇರೆ. ಇಲ್ಲಿ ಗಮನಿಸಬೇಕಾದುದು, ಕೂಡಿಟ್ಟ ದಾಸ್ತಾನು ಎಷ್ಟೇ ಇದ್ದರೂ ಅಂತಹ ಸುದೀರ್ಘ ಕಾಲಕ್ಕೆ ಸಾಲುತ್ತಿರಲಿಲ್ಲ. ದಿನದಿನವೂ ಹೊಸದಾಗಿ ತಯಾರಾದ ಸರಕು ಮಾತ್ರ ಪೇಟೆಯನ್ನು ನಡೆಸಿತು.

ಆದುದರಿಂದ ಸಣ್ಣ ಉತ್ಪಾದಕರು ಕೂಡಿಡಬೇಕಾದ ಮೊದಲ ಸರಕು ಸಿದ್ಧವಸ್ತುವಲ್ಲ. ಕೆಲಸ ನಿಲ್ಲದಂತೆ ನೋಡಿಕೊಳ್ಳುವ ಬಿಡಿಭಾಗ. ಬೇರಿಂಗ್, ಬೆಲ್ಟ್, ಗರಗಸದ ಅಲಗು, ಹೊಲಿಗೆ ಯಂತ್ರದ ಸೂಜಿ, ಬೆಸುಗೆ ಕಡ್ಡಿ, ಕೈಯಿಂದ ನಡೆಸಬಹುದಾದ ಉಪಕರಣಗಳು ಇದ್ದಲ್ಲಿ ಬೇಕಾದ ವಸ್ತುವನ್ನು ತಯಾರಿಸಬಹುದು, ಕೆಟ್ಟುದನ್ನು ದುರಸ್ತಿ ಮಾಡಿಕೊಡಬಹುದು. ದುರಸ್ತಿಯ ಕೈಕೆಲಸ ಕೆಡುವುದಿಲ್ಲ, ಕಳುವಾಗುವುದಿಲ್ಲ, ಗೋದಾಮಿನ ಬಾಡಿಗೆ ಕೇಳುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಕಮ್ಮಾರ, ಬಡಗಿ, ಕುಂಬಾರ ಮೊದಲಾದ ಆಯಗಾರರಿಗೆ ವರ್ಷದ ಕೆಲಸಕ್ಕೆ ಸುಗ್ಗಿಯ ಕಣದಲ್ಲಿ ಧಾನ್ಯದ ಪಾಲು ಸಲ್ಲುತ್ತಿತ್ತು. ಅದರಲ್ಲಿ ಮೇಲುಕೀಳಿನ ಕಟ್ಟುಪಾಡುಗಳಿದ್ದುದು ನಿಜ. ಮತ್ತೆ ಬರಬೇಕಾದ ವ್ಯವಸ್ಥೆ ಅದಲ್ಲ. ಆದರೆ ನಗದಿಲ್ಲದ ಊರಿನಲ್ಲಿ ಕಸುಬು ಮತ್ತು ಲೆಕ್ಕದ ನೆನಪುಗಳಿಂದ ವರ್ಷವಿಡೀ ಕೊಡುಕೊಳ್ಳುವಿಕೆ ನಡೆಯಬಲ್ಲುದೆಂಬುದಕ್ಕೆ ಅದು ಸಾಕ್ಷಿ.

ಲೆಕ್ಕ ಮತ್ತು ಕಾನೂನು

ಇನ್ನು ಪುಸ್ತಕದ ಮಾತು. 5 ಲಕ್ಷ ರೂಪಾಯಿಗಳ ಸರಕನ್ನು ಶೇಕಡಾ 12ರ ಬಡ್ಡಿಯ ಸಾಲದಲ್ಲಿ ಕೂಡಿಟ್ಟರೆ, ವರ್ಷಕ್ಕೆ 60,000 ರೂಪಾಯಿ ಬಡ್ಡಿಗೇ ಸಲ್ಲುತ್ತದೆ. ಬಾಡಿಗೆ, ವಿಮೆ, ಇಲಿಹೆಗ್ಗಣ, ತೇವ ಇವುಗಳ ನಷ್ಟ ಬೇರೆ. ದಾಸ್ತಾನನ್ನು ಕೊಂಡ ಬೆಲೆ ಅಥವಾ ಮಾರಿದರೆ ನಿವ್ವಳವಾಗಿ ಬರುವ ಬೆಲೆ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕೆಂಬುದು ಲೆಕ್ಕಪತ್ರ ಮಾನಕದ ನಿಯಮ. ಅವಧಿ ಮೀರಿ ನಾಶಪಡಿಸಿದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿನ ಮೇಲೆ ಪಡೆದ ಹೂಡುವಳಿ ತೆರಿಗೆಯ ಜಮೆಯನ್ನೂ ಹಿಂದಿರುಗಿಸಬೇಕಾಗುತ್ತದೆ.

ವಸ್ತುವಿನಿಮಯಕ್ಕೆ ತೆರಿಗೆಯಿಲ್ಲವೆಂಬ ಭಾವನೆಯೂ ತಪ್ಪು. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 7ನೆಯ ಕಲಮು ‘ಪೂರೈಕೆ’ ಎಂಬುದರಲ್ಲಿ ಮಾರಾಟದೊಡನೆ ವಸ್ತುವಿನಿಮಯವನ್ನೂ ಸೇರಿಸಿದೆ. ಹಣದ ರೂಪದಲ್ಲಿ ಬೆಲೆ ಇಲ್ಲದಿದ್ದಲ್ಲಿ ಮುಕ್ತ ಮಾರುಕಟ್ಟೆಯ ಮೌಲ್ಯದ ಮೇಲೆ ತೆರಿಗೆ ನಿರ್ಧಾರವಾಗುತ್ತದೆ. ಇದಲ್ಲದೆ 1955ರ ಅವಶ್ಯಕ ವಸ್ತುಗಳ ಕಾಯಿದೆಯಡಿ ಸರ್ಕಾರ ದಾಸ್ತಾನಿಗೆ ಮಿತಿ ಹೇರಬಹುದು. 2023ರ ಜೂನ್‌ನಲ್ಲಿ ಗೋಧಿಗೆ ಹೀಗೆಯೇ ಮಿತಿ ಹೇರಲಾಯಿತು. ಉಲ್ಲಂಘನೆಗೆ 7 ವರ್ಷಗಳವರೆಗೆ ಸೆರೆವಾಸದ ಶಿಕ್ಷೆ ಇದೆ. ಪರವಾನಗಿಯಿಲ್ಲದೆ ಮಾರಾಟಕ್ಕಾಗಿ ಔಷಧಗಳನ್ನು ದಾಸ್ತಾನು ಮಾಡುವುದೂ, ಪೆಟ್ರೋಲನ್ನು ಸಂಗ್ರಹಿಸುವುದೂ ಅಪರಾಧ. ಎರಡನೆಯದು ಅಪಾಯವೂ ಹೌದು.

ಕೂಡಿಡುವುದಲ್ಲ, ಹರಿಯಗೊಡುವುದು

ಹಾಗಾದರೆ ಮಾಡಬೇಕಾದುದೇನು? ತನ್ನ ವ್ಯಾಪಾರದಲ್ಲಿ ನಿತ್ಯವೂ ಓಡುವ, ಕೆಡದ, ಬಿಡಿಬಿಡಿಯಾಗಿ ಕೊಡಬಹುದಾದ ಸರಕುಗಳನ್ನು ಗುರುತಿಸಿ, ಸಾಮಾನ್ಯ ದಾಸ್ತಾನಿಗಿಂತ ಒಂದೆರಡು ತಿಂಗಳಿನಷ್ಟು ಹೆಚ್ಚಾಗಿ, ಕಾನೂನಿನ ಮಿತಿಯೊಳಗೆ ಇಟ್ಟುಕೊಳ್ಳುವುದು; ಮೊದಲು ಬಂದುದನ್ನು ಮೊದಲು ಮಾರುತ್ತ, ಹೊಸದನ್ನು ತುಂಬುತ್ತ ಹೋಗುವುದು. ಹೀಗೆ ಮಾಡಿದಲ್ಲಿ ಆಪತ್ತು ಬಾರದಿದ್ದರೂ ನಷ್ಟವಿಲ್ಲ, ಬಂದರೆ ಅಂಗಡಿ ತೆರೆದಿರುತ್ತದೆ. ಯಂತ್ರವಿರುವವರು ಬಿಡಿಭಾಗಗಳನ್ನೂ, ಅದನ್ನು ನಡೆಸಬಲ್ಲ ಕೆಲಸಗಾರರನ್ನೂ ಉಳಿಸಿಕೊಳ್ಳುವುದು. ತಕ್ಕಡಿ, ಅಳತೆ, ಕೈಬರಹದ ಖಾತೆ ಪುಸ್ತಕ ಇವುಗಳನ್ನು ವಿದ್ಯುತ್ತಿಲ್ಲದೆಯೂ ನಡೆಯುವಂತೆ ಇಟ್ಟುಕೊಳ್ಳುವುದು.

2016ರ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಕೈಯಲ್ಲಿ ನೋಟಿಲ್ಲದ ಮನೆಗಳಿಗೆ ಅಕ್ಕಿಬೇಳೆ ತಲುಪಿದ್ದು ಎಷ್ಟೋ ಊರುಗಳಲ್ಲಿ ಬೀದಿಯ ಅಂಗಡಿಯ ಉದ್ದರಿ ಪುಸ್ತಕದ ಮೂಲಕ. ಆ ಅಂಗಡಿಗಳು ಅದಕ್ಕಾಗಿ ಗುಪ್ತ ದಾಸ್ತಾನು ಮಾಡಿರಲಿಲ್ಲ. ಗಿರಾಕಿಯ ಪರಿಚಯವಿತ್ತು, ಗಿರಾಕಿಗೆ ಅಂಗಡಿಯ ತೂಕದ ಮೇಲೆ ನಂಬಿಕೆಯಿತ್ತು. ಆ ನಂಬಿಕೆ ಆಪತ್ತು ಬಂದ ದಿನ ಕೊಳ್ಳಲು ಸಿಗುವಂತಹುದಲ್ಲ. ಕಷ್ಟಕಾಲಕ್ಕೆಂದು ಸರಕು ಕೂಡಿಡಲು ಹೊರಡುವವರು ಗೋದಾಮಿನ ಪಟ್ಟಿಯೊಡನೆ ತಮ್ಮ ಖಾತೆ ಪುಸ್ತಕವನ್ನೂ ಒಮ್ಮೆ ತೆರೆದು, ನೋಟಿಲ್ಲದ ದಿನವೂ ಬಾಗಿಲಿಗೆ ಬಂದು ಪಡೆದುದನ್ನು ಹಿಂದಿರುಗಿಸುವ ಗಿರಾಕಿಗಳು ಎಷ್ಟು ಮಂದಿ ಎಂದು ಎಣಿಸಿ ನೋಡುವುದು ಒಳಿತು.