ಆರೋಗ್ಯ ಚಿಂತನ: ಪ್ರತ್ಯೇಕ ಹಾಸಿಗೆ ಅವಮಾನವಲ್ಲ

ಬೋಡಿನಾಯಕನೂರಿನ ಏಲಕ್ಕಿ ವ್ಯಾಪಾರವನ್ನೂ ಕಂಬಂ ಕಣಿವೆಯ ಬೇಸಾಯವನ್ನೂ ನೆಚ್ಚಿ ಬಾಳುತ್ತಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಒಬ್ಬರು ಆಸ್ಪತ್ರೆ ಸೇರಿದರೆ ನೆಂಟರಿಷ್ಟರೆಲ್ಲರೂ ನೋಡಿಬರುವುದು ವಾಡಿಕೆ. ತೇನಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾಗಲಿ, ಮಧುರೆಯ ರಾಜಾಜಿ ಆಸ್ಪತ್ರೆಯಾಗಲಿ, ದೂರವನ್ನು ನಾವು ಲೆಕ್ಕಿಸುವವರಲ್ಲ. ಅಂತಹ ವೇಳೆಯಲ್ಲಿ, ಯಾವುದೇ ಆಸ್ಪತ್ರೆಯ ವೈದ್ಯರು "ಇವರನ್ನು ಪ್ರತ್ಯೇಕವಾಗಿರಿಸಬೇಕು" ಎಂದರೆ ಮನೆಯವರ ಮನಸ್ಸು ನೋಯುವುದು ಸಹಜ. ಇದರ ಕಾರಣವನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ.

1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗರು, 1945ರ ನೊಬೆಲ್ ಭಾಷಣದಲ್ಲಿಯೇ ಒಂದು ಎಚ್ಚರಿಕೆಯನ್ನಿತ್ತಿದ್ದರು. ಸಾಲದಷ್ಟು ಔಷಧವನ್ನು ಸೇವಿಸಿದರೆ ರೋಗಾಣುಗಳು ಸಾಯದೆ ಔಷಧಕ್ಕೆ ಮಣಿಯದಂತಾಗುವುವು ಎಂಬುದೇ ಅದು. ಆ ಮಾತು ನಿಜವಾಯಿತು. ಕೊನೆಯ ಆಸರೆಯೆಂದು ಕಾದಿರಿಸಿದ್ದ ಕಾರ್ಬಪೆನೆಮ್ ವರ್ಗದ ಔಷಧಗಳಿಗೂ ಜಗ್ಗದ ಬ್ಯಾಕ್ಟೀರಿಯಾಗಳು ಚೆನ್ನೈಯಲ್ಲಿಯೂ ದೊರೆತಿರುವುದನ್ನು 2010ರಲ್ಲಿ 'ಲ್ಯಾನ್ಸೆಟ್ ಇನ್ಫೆಕ್ಷಿಯಸ್ ಡಿಸೀಸಸ್' ಪತ್ರಿಕೆಯ ಲೇಖನವೊಂದು ಪ್ರಕಟಪಡಿಸಿತು.

ಇಂತಹ ಬ್ಯಾಕ್ಟೀರಿಯಾಗಳು ಯಾವ ತೊಂದರೆಯನ್ನೂ ಕೊಡದೆ ಮನುಷ್ಯನ ಮೂಗಿನಲ್ಲಿಯೋ ಕರುಳಿನಲ್ಲಿಯೋ ನೆಲೆಸಿರಬಲ್ಲವು. ಹೊತ್ತವನಿಗೆ ಅದರ ಅರಿವೇ ಇರುವುದಿಲ್ಲ. ಆದರೆ ಪಕ್ಕದ ಹಾಸಿಗೆಯ ಶಸ್ತ್ರಚಿಕಿತ್ಸೆಯ ಗಾಯಕ್ಕೋ ಎಳೆಯ ಕೂಸಿನ ರಕ್ತಕ್ಕೋ ಅವು ಸೇರಿದರೆ ಪ್ರಾಣಕ್ಕೇ ಸಂಚಕಾರ. ಆದಕಾರಣವೇ ತೀವ್ರ ನಿಗಾ ಘಟಕದಂತಹ ಕಡೆಗಳಲ್ಲಿ ಹತ್ತಿ ಸುತ್ತಿದ ಕಡ್ಡಿಯಿಂದ ಮೂಗಿನ ಅಥವಾ ಗುದದ್ವಾರದ ಮಾದರಿಯನ್ನು ತೆಗೆಯುವುದುಂಟು. ಪ್ರಯೋಗಶಾಲೆಯಲ್ಲಿ ಅದನ್ನು ಔಷಧ ಬೆರೆಸಿದ ಪೋಷಕ ಮಾಧ್ಯಮದ ಮೇಲೆ ಸವರುತ್ತಾರೆ. ಔಷಧವನ್ನೂ ಮೀರಿ ಬೆಳೆದುದು ಪ್ರತಿರೋಧಿಯಿರಬಹುದೆಂದು ಕಂಡು, ಮತ್ತೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳುತ್ತಾರೆ. ಬೆಳೆಯಲು ಒಂದೆರಡು ದಿನಗಳು ಬೇಕೇ ಬೇಕು. ಅದು ಯಾರ ಅಲಕ್ಷ್ಯವೂ ಅಲ್ಲ.

ವರದಿಯಲ್ಲಿ ಔಷಧದ ಹೆಸರಿನ ಮುಂದೆ 'ಎಸ್' ಎಂದಿದ್ದರೆ ಬ್ಯಾಕ್ಟೀರಿಯಾ ಅದಕ್ಕೆ ಮಣಿಯುವುದೆಂದೂ 'ಆರ್' ಎಂದಿದ್ದರೆ ಮಣಿಯದೆಂದೂ ಅರ್ಥ. ಆ ಕಾಗದವನ್ನು ಜೋಪಾನವಾಗಿರಿಸಿ, ಮುಂದೆ ಬೇರೆ ಆಸ್ಪತ್ರೆಗೆ ಹೋದಾಗ ತಪ್ಪದೆ ತೋರಿಸತಕ್ಕದ್ದು. ಬ್ಯಾಕ್ಟೀರಿಯಾ ನೆಲೆಸಿದ್ದು ರೋಗವಿಲ್ಲದಿದ್ದರೆ ಸಾಮಾನ್ಯವಾಗಿ ಅದಕ್ಕೆಂದು ಔಷಧ ಕೊಡುವುದಿಲ್ಲ. ಅದು ಇತರರಿಗೆ ದಾಟದಂತೆ ನೋಡಿಕೊಳ್ಳುವುದೇ ಮುಖ್ಯ ಕೆಲಸ.

ದಾಟಿಸುವ ಮುಖ್ಯ ವಾಹನ ನಮ್ಮ ಕೈಗಳೇ. ಒಬ್ಬರನ್ನು ಮುಟ್ಟಿ, ಕೈ ತೊಳೆಯದೆ ಮತ್ತೊಬ್ಬರ ತಲೆ ನೇವರಿಸುವ ಅಕ್ಕರೆ ಅಪಾಯಕಾರಿ. ನೋಡಲು ಹೋದವರು ಹಾಸಿಗೆಯ ಮೇಲೆ ಕೂರಬಾರದು. ಒಳಹೋಗುವಾಗಲೂ ಹೊರಬರುವಾಗಲೂ ಕೈ ತೊಳೆಯಬೇಕು.

ಸಿಡುಬಿದ್ದ ಕಾಲದಲ್ಲಿ ನಮ್ಮ ಹಿರಿಯರು ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ ಹೊರಗಿನವರನ್ನು ತಡೆಯುತ್ತಿದ್ದರು. ಅದನ್ನು ಯಾರೂ ಅವಮಾನವೆಂದು ಬಗೆಯಲಿಲ್ಲ. ಇಂದಿನ ಪ್ರತ್ಯೇಕ ಹಾಸಿಗೆಯೂ ಮೈಲಿಗೆಯ ಗುರುತಲ್ಲ. ನೆರೆಯ ರೋಗಿಯ ಪ್ರಾಣಕ್ಕೆ ನಾವು ಸಲ್ಲಿಸುವ ಮರ್ಯಾದೆ. ನಮ್ಮ ಮನೆಯವರು ಪಕ್ಕದ ಹಾಸಿಗೆಯಲ್ಲಿರುವ ದಿನ, ಅದೇ ಮರ್ಯಾದೆಯನ್ನು ಇತರರಿಂದ ನಾವು ಬಯಸುವೆವಲ್ಲವೇ?