ಹೊಟ್ಟೆ ಕೊಯ್ಯದೆ ತೆಗೆದ ಗಡ್ಡೆ

"ಎಂತ ಮಗಾ, ಹೊಟ್ಟೆ ಕೊಯ್ಯುದಾ?" ಪುತ್ತೂರಿನಲ್ಲಿ ಎಂಡೋಸ್ಕೋಪಿ ರಿಪೋರ್ಟ್ ಕೈಗೆ ಸಿಕ್ಕಿದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ. ಎರಡನೆಯದು, "ಹಾಗಾದ್ರೆ ತೋಟದ ಅಡಿಕೆ ಹೆಕ್ಕುದು ಯಾರು?"

ನಾನಿರುವ ಬೆಂಗಳೂರಿನಿಂದ ಪೆರಾಬೆಯ ಮನೆಗೆ ಒಂದು ರಾತ್ರಿಯ ಬಸ್ಸು. ಸುಸ್ತು, ಸುಸ್ತು ಅಂತ ಅಮ್ಮ ವರ್ಷದಿಂದ ಫೋನಿನಲ್ಲಿ ಹೇಳ್ತಾ ಇದ್ದರು. ರಕ್ತ ಕಡಿಮೆ ಉಂಟು ಅಂತ ಕಬ್ಬಿಣಾಂಶದ ಮಾತ್ರೆ ಸಿಕ್ಕಿತ್ತು. ರಕ್ತ ಯಾಕೆ ಕಡಿಮೆಯಾಯಿತು ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮಲ ಕಪ್ಪಗೆ ಹೋಗುತ್ತಿತ್ತು. ಆ ಮಾತ್ರೆಯಿಂದಲೂ ಹಾಗಾಗುತ್ತದೆ, ಅದೇ ಇರಬೇಕು ಅಂದುಕೊಂಡು ಅಮ್ಮ ಸುಮ್ಮನಿದ್ದರು. ನೋಡಿದರೆ ಜಠರದ ಒಳಗಿನ ಪಾಲಿಪ್ ಒಂದು ದಿನವೂ ಸ್ವಲ್ಪ ಸ್ವಲ್ಪ ರಕ್ತ ಒಸರುತ್ತಿತ್ತು.

ಮಂಗಳೂರಿನ ಡಾಕ್ಟ್ರು ಕಾಗದದಲ್ಲಿ ಚಿತ್ರ ಬರೆದು ತೋರಿಸಿದರು. ಮಂಪರು ಕೊಟ್ಟು ಬಾಯಿಯ ಮೂಲಕ ಬೆರಳು ಗಾತ್ರದ ಕೊಳವೆ ಇಳಿಸುತ್ತಾರೆ. ಗಡ್ಡೆಯ ಬುಡಕ್ಕೆ ದ್ರವ ಚುಚ್ಚಿದರೆ ಅದು ಗುಳ್ಳೆಯಂತೆ ಮೇಲೇಳುತ್ತದೆ. ಆಗ ತಂತಿಯ ಕುಣಿಕೆ ಬಿಗಿದು, ವಿದ್ಯುತ್ ಹಾಯಿಸಿ ಕತ್ತರಿಸುವುದು. ಹೊರಗೆ ಒಂದು ಹೊಲಿಗೆಯೂ ಇಲ್ಲ. ಅಗಲಕ್ಕೆ ಹರಡಿದ್ದರೆ ಸಣ್ಣ ಚಾಕುವಿನಿಂದ ಪದರ ಬಿಡಿಸಿ ಇಡಿಯಾಗಿ ತೆಗೆಯುವ 'ಇಎಸ್‌ಡಿ' ಉಂಟು. 1990ರ ದಶಕದಲ್ಲಿ ಜಪಾನಿನಲ್ಲಿ ರೂಪುಗೊಂಡ ವಿಧಾನ. ಗಡ್ಡೆ ಜಠರದ ಗೋಡೆಯೊಳಗೆ ಇದ್ದರೆ ಎಷ್ಟು ಆಳದಲ್ಲಿದೆ ಅಂತ ಮೊದಲು ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾರೆ.

ಎಲ್ಲ ಗಡ್ಡೆಯೂ ಹೀಗೆ ಬರುವುದಿಲ್ಲ. ರಕ್ತಸ್ರಾವ, ಜಠರಕ್ಕೆ ತೂತಾಗುವ ಅಪಾಯವೂ ಉಂಟು. ಅದನ್ನೂ ಡಾಕ್ಟ್ರು ಮುಚ್ಚಿಡಲಿಲ್ಲ.

ಅಮ್ಮ ಎರಡೇ ದಿನದಲ್ಲಿ ಮನೆಗೆ ಬಂದರು. ಕೆಲವು ದಿನ ಗಂಜಿ, ಆಮ್ಲ ತಗ್ಗಿಸುವ ಮಾತ್ರೆ. ಕಷ್ಟವಾದದ್ದು ಬಯಾಪ್ಸಿ ರಿಪೋರ್ಟಿಗೆ ಕಾದ ದಿನಗಳು. ಕೊಳವೆಯಲ್ಲಿ ತೆಗೆದದ್ದು ಕ್ಯಾನ್ಸರ್ ಅಲ್ಲ ಅಂತ ಹೇಳಬೇಕಾದದ್ದು ಆ ಕಾಗದವೇ. ಆ ರಾತ್ರಿಗಳಲ್ಲಿ ನಾನು ಗೂಗಲ್ ಮಾಡಿ ಮಾಡಿ ಇನ್ನಷ್ಟು ಹೆದರಿದೆ. ಕೊನೆಗೆ 'ಅಪಾಯವಿಲ್ಲದ ಗಡ್ಡೆ' ಅಂತ ಬಂತು. ಇಂಥ ಪಾಲಿಪ್‌ಗೆ ಎಚ್. ಪೈಲೋರಿ ಬ್ಯಾಕ್ಟೀರಿಯಾವೂ ಕಾರಣವಾಗಬಹುದಾದ್ದರಿಂದ ಅದರ ಪರೀಕ್ಷೆಯೂ ಆಯಿತು. ಮತ್ತೆ ಬೆಳೆದಿದೆಯಾ ಅಂತ ನೋಡಲು ಇನ್ನೊಮ್ಮೆ ಎಂಡೋಸ್ಕೋಪಿ ಬಾಕಿ ಉಂಟು.

ಊರು ಬಿಟ್ಟು ದುಡಿಯುವ ನಾವು ಫೋನಿನಲ್ಲಿ "ಊಟ ಆಯ್ತಾ?" ಅಂತ ಕೇಳುತ್ತೇವೆ. ಸುಸ್ತು ಅಂದರೆ "ರೆಸ್ಟ್ ತಗೊಳ್ಳಿ" ಅನ್ನುತ್ತೇವೆ. ಇನ್ನೊಂದು ಪ್ರಶ್ನೆ ಸೇರಿಸಿ: ರಕ್ತ ಕಡಿಮೆ ಅಂದರಲ್ಲ, ಯಾಕೆ ಅಂತ ನೋಡಿದರಾ? ಮಲ ಕಪ್ಪಗಾಗುವುದು, ತೂಕ ಇಳಿಯುವುದು, ಮತ್ತೆ ಮತ್ತೆ ವಾಂತಿ ಇದ್ದರೆ ಕಾಯಬೇಡಿ.

ನಿನ್ನೆ ಅದನ್ನೇ ಕೇಳೋಣ ಅಂತ ಫೋನ್ ಮಾಡಿದೆ. "ಈಗ ಇಡು ಮಗಾ," ಅಂದರು ಅಮ್ಮ, "ಅಡಿಕೆ ಸುಲಿಯುವವರು ಬಂದಿದ್ದಾರೆ."